ಅಂಗಳದಲ್ಲಿ ನಿಂತು ಹೇಳಿದ ಮಾತು

ಕಾಸರಕೋಡಿನ ನಮ್ಮ ಕೇರಿಯಲ್ಲಿ ಮೀನು ತಿನ್ನದ ಮನೆ ಅಂತ ಒಂದಿದ್ದರೆ, ಆ ದಿನಗಳಲ್ಲಿ ಅದು ನಮ್ಮದು. ಸುತ್ತ ಎಲ್ಲಿ ನೋಡಿದರೂ ಮೀನು. ಮರಳಿನ ಮೇಲೆ ಚಾಪೆ ಹಾಸಿದ ಹಾಗೆ ಒಣಗುತ್ತಿರುವ ಮೀನು, ಬುಟ್ಟಿಯಲ್ಲಿ ತಲೆಯ ಮೇಲೆ ಹೋಗುವ ಮೀನು, ಪಕ್ಕದ ಮನೆಯ ಬಾಣಲೆಯಲ್ಲಿ ಸದ್ದು ಮಾಡುವ ಮೀನು. ನಮ್ಮ ಬಟ್ಟಲಲ್ಲಿ ಮಾತ್ರ ಗಂಜಿ ಮತ್ತು ಮಾವಿನ ಮಿಡಿ. ಹರಕೆ ಹೊತ್ತವಳು ಪಪ್ಪನ ತಾಯಿ. ನಾವೆಲ್ಲ ಅವಳನ್ನು ಮಾಯ್ ಎಂದೇ ಕರೆಯುತ್ತಿದ್ದೆವು. ಕುಮಟೆಯ ಆಸ್ಪತ್ರೆಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಮಲಗಿರುವ ಎರಡು ಮಕ್ಕಳು ಮನೆಗೆ ಬರುವವರೆಗೆ ಈ ಮನೆಯ ಒಲೆಗೆ ಮೀನು ಏರುವುದಿಲ್ಲ ಎಂದು ಅವಳು ಶಿಲುಬೆಯ ಮುಂದೆ ಹೇಳಿಬಿಟ್ಟಿದ್ದಳು. ಹರಕೆ ಅವಳೊಬ್ಬಳದು, ನಾಲಿಗೆ ಮನೆಮಂದಿಯೆಲ್ಲರದು. ದೇವರ ಜೊತೆ ವ್ಯವಹಾರ ಮಾಡುವಾಗ ಮಾಯ್ ನಮ್ಮನ್ನು ಕೇಳುವ ಪದ್ಧತಿ ಇರಲಿಲ್ಲ. ನನಗಾಗ ಹತ್ತು ವರ್ಷ. ನನ್ನ ಚಿಂತೆ ಬೇರೆಯೇ ಇತ್ತು: ಹರಕೆ ಹೊರುವ ಹಿಂದಿನ ದಿನ ನಾನು ತಿಂದ ಬಂಗಡೆಯ ಮುಳ್ಳೊಂದು ಹಲ್ಲಿನ ಸಂದಿಯಲ್ಲಿ ಉಳಿದಿದ್ದರೆ, ಅದು ಲೆಕ್ಕಕ್ಕೆ ಬರುತ್ತದೆಯೋ ಇಲ್ಲವೋ. ಇಂಥ ಪ್ರಶ್ನೆಗಳನ್ನು ನಾನು ಈಗಲೂ ಕೇಳಿಕೊಳ್ಳುತ್ತೇನೆ. ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಐವತ್ತು ವರ್ಷದ ಹೆಂಗಸು ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಬಸ್ಸಿನಿಂದ ಇಳಿದು ಮನೆಗೆ ವಾಪಸು ನಡೆದರೆ ಅದರ ಬೇರು ಎಲ್ಲಿದೆ ಎಂದು ಹುಡುಕುವವರು ಆ ಮನೆಗೇ ಬರಬೇಕು.

ಮನೆ ಚಿರೆಕಲ್ಲಿನದು, ಹಂಚಿನ ಮಾಡು. ಮುಂದೆ ಜಗಲಿ, ಒಳಗೆ ಸಾಲು. ಸಾಲು ಎಂದರೆ ನಮ್ಮವರ ಮಾತಿನಲ್ಲಿ ನಡುಮನೆ. ಅಲ್ಲೇ ಗೋಡೆಗೆ ದೇವರ ಪೀಠ, ಅದರೊಳಗೆ ಮಾತೆ ಮರಿಯಳ ಮೂರ್ತಿ, ಹಸಿರು ಬಣ್ಣದ ಸಣ್ಣ ದೀಪ. ಸಾಲಿನ ಹಿಂದೆ ಕತ್ತಲೆ ಕೋಣೆ, ಅದರ ಹಿಂದೆ ಅಡುಗೆಮನೆ. ಸಾಲಿನಲ್ಲಿ ಮೇಣದ ವಾಸನೆ, ಅಡುಗೆಮನೆಯಲ್ಲಿ ಹೊಗೆ, ನಡುವಿನ ಕೋಣೆಯಲ್ಲಿ ಪಪ್ಪನ ಅಂಗಿಯ ಡೀಸೆಲ್ ವಾಸನೆ. ಪಪ್ಪ ಬೋಟಿನ ಎಂಜಿನ್ ರಿಪೇರಿ ಮಾಡುತ್ತಿದ್ದವನು. ಕೆಟ್ಟದ್ದನ್ನು ಬಿಚ್ಚಿ ನೋಡಿದರೆ ಗೊತ್ತಾಗುತ್ತದೆ ಎಂಬುದೇ ಅವನ ಧರ್ಮ. ಸಂಜೆ ಮಾಯ್ ಜಪಮಾಲೆ ಹಿಡಿದು ಕೂತರೆ ಅವನಿಗೆ ಹಿತ್ತಲಲ್ಲಿ ಏನಾದರೂ ಕೆಲಸ ಹೊಳೆಯುತ್ತಿತ್ತು. ಅಮ್ಮ ಇಬ್ಬರ ನಡುವೆ, ಒಂದು ಕಣ್ಣು ಮರಿಯಳ ಮೇಲೆ, ಒಂದು ಕಣ್ಣು ಅನ್ನದ ಪಾತ್ರೆಯ ಮೇಲೆ.

ಏಳು ತಿಂಗಳಿಗೇ ಅಮ್ಮನಿಗೆ ನೋವು ಬಂತು. ಕುಮಟೆಯಲ್ಲಿ ಹೆರಿಗೆಯಾಯಿತು. ಒಂದು ಗಂಡು, ಒಂದು ಹೆಣ್ಣು. ಎರಡೂ ಸೇರಿದರೆ ಒಂದು ಮಗುವಿನ ತೂಕ ಇಲ್ಲ. ಜೀವ ಹೋಗುವ ಹಾಗಿದ್ದರೆ ಪಾದ್ರಿಗಾಗಿ ಕಾಯಬೇಕಿಲ್ಲ, ಯಾರಾದರೂ ಜ್ಞಾನಸ್ನಾನ ಕೊಡಬಹುದು ಎಂಬುದು ನಮ್ಮಲ್ಲಿ ಮಕ್ಕಳಿಗೂ ಗೊತ್ತಿರುವ ವಿಷಯ. ಮಾಯ್ ದಾದಿಯನ್ನು ಕಾಡಿ ಬೇಡಿ ಒಳಗೆ ಹೋಗಿ, ಕಾಯಿಸಿ ಆರಿಸಿದ ನೀರಿನ ಸ್ಟೀಲ್ ಲೋಟದಲ್ಲಿ ಹತ್ತಿ ಅದ್ದಿ, ಎರಡು ಹಣೆಯ ಮೇಲೂ ಹನಿಸಿ ಬಂದಳು. ಗಂಡಿಗೆ ಜುಜೆ, ಹೆಣ್ಣಿಗೆ ಮರಿ ಎಂದು ಹೆಸರೂ ಇಟ್ಟಳು. ಅದೇ ದೊಡ್ಡ ಜಗಳವಾಯಿತು. ಮಾಯ್ ಬಸ್ಸಿಳಿದು ಮನೆಗೆ ಬಂದು ಸೀರೆಯ ಸೆರಗು ಬಿಡಿಸುವ ಮೊದಲೇ ಪಪ್ಪ ಕೇಳಿದ:

"ನಿಂಗೆ ಯಾರು ಹೇಳಿದ್ರು ಅದೆಲ್ಲ ಮಾಡು ಅಂತ? ಸಾಯ್ತವೆ ಅಂತ ನೀನೇ ಬರೆದು ಕೊಟ್ಟು ಬಂದ್ಯಾ?"

"ಸಾಯುದಿಲ್ಲ ಅಂತ ನೀನು ಬರೆದು ಕೊಡ್ತ್ಯಾ? ಕೊಡು, ಸೈ ಹಾಕು. ನಾನು ನಾಳೆಯೇ ಹೋಗಿ ಆ ನೀರು ಒರೆಸಿ ಬತ್ತೆ."

ಪಪ್ಪ ಹೊರಗೆ ಹೋಗಿ ಸರಿಯಾಗಿಯೇ ಇದ್ದ ಮೋಟರ್ ಸೈಕಲ್ಲನ್ನು ಬಿಚ್ಚಿ ಹರಡಿಕೊಂಡು ಕೂತ.

ಆಮೇಲಿನ ದಿನಗಳು ಹೇಗಿದ್ದವೆಂದರೆ, ಯಾರೂ ಪೂರ್ತಿ ವಾಕ್ಯ ಮಾತಾಡುತ್ತಿರಲಿಲ್ಲ. ಅಮ್ಮ ಆಸ್ಪತ್ರೆಯಲ್ಲಿ. ಪಪ್ಪ ದಿನಾ ಬೆಳಿಗ್ಗೆ ಸೇತುವೆ ದಾಟಿ ಹೊನ್ನಾವರದ ಮೇಲೆ ಕುಮಟೆಗೆ ಹೋಗಿ ಸಂಜೆ ಬರುತ್ತಿದ್ದ. ನಮ್ಮಲ್ಲಿ ಫೋನ್ ಇರಲಿಲ್ಲ. ಸಂಜೆ ಮೋಟರ್ ಸೈಕಲ್ಲಿನ ಸದ್ದು ಕೇಳಿದ ಕೂಡಲೇ ಮಾಯ್ ಕೈಯಲ್ಲಿದ್ದದ್ದನ್ನು ಇದ್ದಲ್ಲೇ ಇಟ್ಟು ಬಾಗಿಲಿಗೆ ಹೋಗುತ್ತಿದ್ದಳು. ಪಪ್ಪ ಹೆಲ್ಮೆಟ್ ತೆಗೆಯದೆ "ಇದಾವೆ" ಎನ್ನುತ್ತಿದ್ದ. ಅಷ್ಟೇ. ಆ ಒಂದು ಶಬ್ದ ಸಿಕ್ಕಿದ ಮೇಲೆ ನಮಗೆ ಗಂಜಿ ಇಳಿಯುತ್ತಿತ್ತು. ಹನ್ನೆರಡನೆಯ ದಿನ ಅವನು ಆ ಶಬ್ದ ಹೇಳುವ ಮೊದಲು ಸ್ವಲ್ಪ ತಡೆದ. ಇಬ್ಬರಿಗೂ ಉಸಿರಾಟದ ತೊಂದರೆ, ಮೈ ನೀಲಿಯಾಗುತ್ತಿದೆ, ದಕ್ಷಿಣದ ದೊಡ್ಡ ಆಸ್ಪತ್ರೆಗೆ ಒಯ್ಯೋಣವೆಂದರೆ ದಾರಿಯಲ್ಲೇ ಹೋಗುತ್ತವೆ ಎಂದು ಡಾಕ್ಟರು ಹೇಳಿದರಂತೆ. ಬದುಕಿಸಲಿಕ್ಕೆ ಬೇಕಾದದ್ದು ಇರುವಲ್ಲಿಗೆ ಹೋಗಲು ಬದುಕಿರಬೇಕು. ಬದುಕಿರಲು ಅಲ್ಲಿಗೆ ಹೋಗಬೇಕು. ಈ ಸಮೀಕರಣವನ್ನು ನಾನು ಈಗಲೂ ಬಿಡಿಸಲಾರೆ. ಪಪ್ಪ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ತನ್ನ ಕೈಗಳನ್ನು ನೋಡಿಕೊಳ್ಳುತ್ತಿದ್ದ. ಯಾವ ಎಂಜಿನ್ನನ್ನೂ ಎಬ್ಬಿಸುತ್ತಿದ್ದ ಕೈಗಳು.

ಮರುದಿನ ಅವನು ಕುಮಟೆಗೆ ಹೋದ ಮೇಲೆ ಮಾಯ್ ಕಡಲೆ ನೆನೆಹಾಕಿದಳು. ಮನೆಯಲ್ಲಿ ಜನ ಸೇರಿ ಪ್ರಾರ್ಥಿಸಿದರೆ ಕೊನೆಗೆ ಬೇಯಿಸಿದ ಕಡಲೆ ಹಂಚುವುದು ನಮ್ಮ ಕೇರಿಯ ರೂಢಿ. ನೆನೆಹಾಕಿದ್ದು ಎರಡು ಪಾವು, ಅಂದರೆ ಹದಿನೈದು ಜನಕ್ಕೆ. ಅಷ್ಟೂ ಬರುತ್ತಾರೆಂಬ ಧೈರ್ಯ ಅವಳಿಗಿರಲಿಲ್ಲ; ಮನೆಯ ಪ್ರಾರ್ಥನೆಗೆ ಬರುವವರು ಯಾವಾಗಲೂ ಅದೇ ಎಂಟು ಹತ್ತು ಮುದುಕಿಯರು. ಕಡಲೆಯ ಮೇಲೆ ತಟ್ಟೆ ಮುಚ್ಚಿ ನನ್ನನ್ನು ಕರೆದಳು.

"ಫ್ಲೋರೆ, ಕೇರಿ ಇಡೀ ಹೋಗು. ನಾಲ್ಕು ಗಂಟೆಗೆ ನಮ್ಮನೆಗೆ ಬರ್ಬೇಕಂತೆ, ಮಕ್ಕಳಿಗೋಸ್ಕರ ಅಂತ ಹೇಳು. ಒಂದು ಮನೆ ಬಿಡ್ಬೇಡ. ಇಗರ್ಜಿ ಗಂಟೆ ಹೊಡೆಯೂದ್ರೊಳಗೆ ಬಂದ್ಬಿಡು."

ಇಗರ್ಜಿಯಲ್ಲಿ, ಅಂದರೆ ಚರ್ಚಿನಲ್ಲಿ, ಮಧ್ಯಾಹ್ನದ ಗಂಟೆ ಹನ್ನೆರಡಕ್ಕೆ. ನಾನು ಹೊರಟಾಗ ಗೋಡೆಯ ಗಡಿಯಾರದಲ್ಲಿ ಹನ್ನೊಂದು. ಇಪ್ಪತ್ತೆರಡು ಮನೆ, ಒಂದು ಗಂಟೆ. ಒಂದೊಂದು ಮನೆಯಲ್ಲೂ ಒಳಗೆ ಕರೆದು ಕೂರಿಸುತ್ತಾರೆ, ನೀರು ಬೆಲ್ಲ ಕೊಡುತ್ತಾರೆ, ಮಕ್ಕಳು ಎಷ್ಟು ತೂಕ, ಯಾರ ಹಾಗಿವೆ, ಅಮ್ಮ ಊಟ ಮಾಡುತ್ತಾಳಾ ಎಂದು ಕೇಳುತ್ತಾರೆ. ಉತ್ತರ ಹೇಳಲು ಬಾಯಿ ತೆರೆದರೆ ಅಳು ಬರುತ್ತದೆಂದು ನನಗೆ ಗೊತ್ತಿತ್ತು. ಲೆಕ್ಕದಲ್ಲಿ ನಾನು ಆಗಲೇ ಜಾಣೆ. ಜಗಲಿ ಹತ್ತದಿದ್ದರೆ ಪ್ರಶ್ನೆಯೂ ಇಲ್ಲ, ಹೊತ್ತೂ ಉಳಿಯುತ್ತದೆ. ಮೊದಲನೆಯದು ರೊಸಾಲಿನ್ ಆಂಟಿಯ ಮನೆ. ಅಂಗಳದ ನಡುವೆ ನಿಂತು, ಕಣ್ಣು ನೆಲಕ್ಕೆ ಹಾಕಿ ಹೇಳಿದೆ:

"ಮಾಯ್ ಹೇಳಿದಾಳೆ, ನಾಲ್ಕು ಗಂಟೆಗೆ ನಮ್ಮನೆಗೆ ಬರ್ಬೇಕಂತೆ. ಮಕ್ಕಳಿಗೋಸ್ಕರ."

ಕೇರಿಯಲ್ಲೇ ದೊಡ್ಡ ಬಾಯಿ ಎಂದು ಹೆಸರಾದ ರೊಸಾಲಿನ್ ಆಂಟಿ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಕೈಯಲ್ಲಿದ್ದ ಮೊರವನ್ನು ಕೆಳಗಿಟ್ಟು ಹಣೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು.

"ಆತು ಮಗಾ. ಬತ್ತೇವು. ನೀ ಹೋಗು."

ಎಷ್ಟು ಸುಲಭವಾಯಿತು ಎಂದು ನನಗೆ ಖುಷಿಯೇ ಆಯಿತು. ಎರಡನೇ ಮನೆಯಲ್ಲೂ ಹಾಗೆಯೇ, ಮೂರನೆಯದರಲ್ಲೂ ಹಾಗೆಯೇ. ಯಾರೂ ಒಳಗೆ ಕರೆಯಲಿಲ್ಲ, ಯಾರೂ ನೀರು ಕೊಡಲಿಲ್ಲ. ಮಿಂಗೇಲ್ ಮಾಮನ ಮನೆಯಲ್ಲಿ ಮಾತ್ರ, ಅವನು ಬಡಗಿ, ಹಲಗೆಯ ಮೇಲೆ ಉಳಿ ಹಿಡಿದವನು ಕೈ ನಿಲ್ಲಿಸಿ ಒಂದು ಮಾತು ಕೇಳಿದ:

"ಎರಡೂ?"

"ಹೌದು, ಎರಡೂ," ಎಂದೆ. ಪ್ರಾರ್ಥನೆ ಎರಡಕ್ಕೂ ಅಲ್ಲವೇ. ಇಪ್ಪತ್ತೆರಡು ಮನೆ ಮುಗಿಸಿ ಹನ್ನೆರಡಕ್ಕೆ ಇನ್ನೂ ಹತ್ತು ನಿಮಿಷ ಇರುವಾಗಲೇ ಮನೆಗೆ ಬಂದು ಮಾಯ್ ಹತ್ತಿರ ಶಹಬ್ಬಾಸ್ ಅನ್ನಿಸಿಕೊಂಡೆ.

ನಮ್ಮ ಕೇರಿಯಲ್ಲಿ ಸಾವಿನ ಸುದ್ದಿಯನ್ನು ಹೀಗೆ ಹೇಳುತ್ತಾರೆ. ಹೇಳಲು ಬಂದವರು ಜಗಲಿ ಹತ್ತಬಾರದು, ನೀರು ಮುಟ್ಟಬಾರದು. ಸತ್ತರು ಎಂಬ ಶಬ್ದವನ್ನು ಬಾಯಲ್ಲಿ ತರಬಾರದು. ಅಂಗಳದಲ್ಲಿ ನಿಂತು, ಇಂಥ ಹೊತ್ತಿಗೆ ನಮ್ಮನೆಗೆ ಬನ್ನಿ ಎಂದಷ್ಟೇ ಹೇಳಿ ತಿರುಗಬೇಕು. ಇದು ನನಗೆ ಗೊತ್ತಿರಲಿಲ್ಲ ಎಂದರೆ ಸುಳ್ಳು. ಗೊತ್ತಿತ್ತು, ಹಾಗೆ ಬಂದು ನಿಂತವರನ್ನು ನಮ್ಮ ಅಂಗಳದಲ್ಲೂ ನೋಡಿದ್ದೆ. ಆ ಒಂದು ಗಂಟೆ ಮಾತ್ರ ನೆನಪಾಗಲಿಲ್ಲ. ಯಾವ ವಿಷಯ ಬೇಡವೋ ಅದೆಲ್ಲ ನೆನಪಿಟ್ಟುಕೊಂಡು ಚಿಂತಿಸುವ ತಲೆ, ಬೇಕಾದ ಹೊತ್ತಿಗೆ ರಜೆ ಹಾಕಿತು.

ನಾಲ್ಕು ಗಂಟೆಗೆ ಮೊದಲೇ ಜನ ಬರತೊಡಗಿದರು. ಹತ್ತಲ್ಲ, ಹದಿನೈದಲ್ಲ. ಹೆಂಗಸರು ಕಪ್ಪು ಸೀರೆ, ಕಪ್ಪು ಫ್ರಾಕು ಹಾಕಿಕೊಂಡು, ಮೇಣದಬತ್ತಿ ಹಿಡಿದು. ಬೋಟಿಗೆ ಹೋಗಬೇಕಾದ ಗಂಡಸರು ಇಸ್ತ್ರಿ ಮಾಡಿದ ಅಂಗಿಯಲ್ಲಿ. ಗೋಡೆಯ ತಕರಾರಿನಿಂದ ಎಷ್ಟೋ ವರ್ಷ ಮಾತು ಬಿಟ್ಟಿದ್ದ ಅಣ್ಣತಮ್ಮಂದಿರು ಅಂಗಳದ ಎರಡು ಮೂಲೆಯಲ್ಲಿ. ನಾನು ಜಗಲಿಯ ಕಂಬದ ಹತ್ತಿರ ನಿಂತು, ಎಷ್ಟು ಜನ, ನಾನು ಕರೆದದ್ದಕ್ಕೆ ಎಷ್ಟೊಂದು ಜನ ಎಂದು ಎಣಿಸುತ್ತಿದ್ದೆ. ಅರವತ್ತಕ್ಕೆ ಬಂದಾಗ ಮಿಂಗೇಲ್ ಮಾಮ ಕಾಣಿಸಿದ. ಅವನ ಕಂಕುಳಲ್ಲಿ ಬಿಳಿ ಬಟ್ಟೆ ಸುತ್ತಿದ ಪೆಟ್ಟಿಗೆ. ಒಂದೇ ಪೆಟ್ಟಿಗೆ, ಉದ್ದ ಕಡಿಮೆ, ಅಗಲ ಜಾಸ್ತಿ. ಅದೇಕೆ ಹಾಗೆ ಎಂದು ಅವನು ಆಮೇಲೆ ಹೇಳಿದ: ಹೊಟ್ಟೆಯಲ್ಲಿ ಒಟ್ಟಿಗೇ ಇದ್ದವರಲ್ಲವಾ, ಬೇರೆ ಮಾಡುವುದು ಬೇಡ ಅನ್ನಿಸಿತು.

ಮಾಯ್ ಅಡುಗೆಮನೆಯಿಂದ ಬಂದವಳು ಮೊದಲು ಕಂಡದ್ದು ಆ ಪೆಟ್ಟಿಗೆಯನ್ನು. ತನಗಿಂತ ಮೊದಲು ಕೇರಿಗೆ ಸುದ್ದಿ ಮುಟ್ಟಿದೆ ಎಂದುಕೊಂಡಳು. ಬಾಗಿಲ ಚೌಕಟ್ಟು ಹಿಡಿದು ಹಾಗೇ ಕೆಳಗೆ ಜಾರಿದಳು. ಅವಳ ಬಾಯಿಂದ ಬಂದ ಧ್ವನಿ ಅವಳದಾಗಿರಲಿಲ್ಲ.

"ಯಾವಾಗ ಹೋದವು?"

ರೊಸಾಲಿನ್ ಆಂಟಿ ಓಡಿ ಬಂದು ಅವಳನ್ನು ಹಿಡಿದಳು.

"ನಮಗೆಂತ ಗೊತ್ತು ಬಾಯಿ? ನೀವೇ ಹೇಳಿ ಕಳಿಸಿದ್ದಲ್ಲಾ!"

"ನಾ ಎಂತ ಹೇಳಿ ಕಳಿಸಿದೆ? ತೇರ್ಸಕ್ಕೆ ಬನ್ನಿ ಅಂತ ಅಲ್ದಾ?"

ಹೆಂಗಸರನ್ನು ಮರ್ಯಾದೆಯಿಂದ ನಾವು ಬಾಯಿ ಎಂದು ಕರೆಯುತ್ತೇವೆ, ಜಪಮಾಲೆಯ ಪ್ರಾರ್ಥನೆಯನ್ನು ತೇರ್ಸ ಎನ್ನುತ್ತೇವೆ. ಆ ಶಬ್ದ ಬಿದ್ದದ್ದೇ ಅರವತ್ತು ಜನರೂ ನನ್ನ ಕಡೆಗೆ ತಿರುಗಿದರು.

"ಫ್ಲೋರೆ," ಎಂದಳು ಮಾಯ್. "ಜಗಲಿ ಹತ್ತಿದ್ಯೇನೇ?"

"ಇಲ್ಲ."

"ಯಾರ ಮನೇಲಾದ್ರೂ ನೀರು ಕುಡಿದ್ಯಾ?"

"ಇಲ್ಲ ಮಾಯ್."

ಯಾರೋ ಒಬ್ಬರು ನಗಲು ಶುರುಮಾಡಿ ನಿಲ್ಲಿಸಿದರು. ಇನ್ನೊಬ್ಬರು, ಬೋಟು ಬಿಟ್ಟು ಬಂದಿದ್ದೆ ಮಾರಾಯಾ, ಈ ಹುಡುಗಿಯ ದೆಸೆಯಿಂದ ಇವತ್ತಿನ ದಿನ ಹೋಯಿತು ಎಂದು ಗೊಣಗಿದರು. ಮಿಂಗೇಲ್ ಮಾಮ ಪೆಟ್ಟಿಗೆಯನ್ನು ಎಲ್ಲಿ ಅಡಗಿಸುವುದೆಂದು ತಿಳಿಯದೆ ಬೆನ್ನ ಹಿಂದೆ ಹಿಡಿದುಕೊಂಡು ನಿಂತ. ಹಿಂದೆ ಇದ್ದ ಗಂಡಸರು ಮೆಲ್ಲಗೆ ಗೇಟಿನ ಕಡೆ ಸರಿಯುತ್ತಿದ್ದರು. ಮಾಯ್ ಎದ್ದಳು. ಅಂಗಳಕ್ಕೆ ಇಳಿದು, ಅವರನ್ನು ದಾಟಿ ಹೋಗಿ ಗೇಟು ಹಾಕಿ, ಅದಕ್ಕೆ ಬೆನ್ನು ಕೊಟ್ಟು ನಿಂತಳು.

"ಸತ್ರೆ ಬತ್ರಿ. ಬದುಕಿದ್ರೆ ಬರುದಿಲ್ಲ. ಇವತ್ತು ಬಂದಿದ್ರಿ, ಈಗ ಹೋಗುದೆಂತಕ್ಕೆ? ಆ ಪೆಟ್ಟಿಗೆ ಬಾವಿಕಟ್ಟೆ ಹತ್ರ ಇಡು ಮಿಂಗೇಲ್. ಒಳಗೆ ಬನ್ನಿ ಎಲ್ಲರೂ. ಕೂತ್ಕಣಿ."

ಬಂದರು. ಮಾಯ್ ಮುಂದೆ ಆ ಕೇರಿಯಲ್ಲಿ ಬೇರೆ ದಾರಿ ಇರಲಿಲ್ಲ. ಸಾಲು ತುಂಬಿತು, ಕತ್ತಲೆ ಕೋಣೆ ತುಂಬಿತು, ಜಗಲಿ ತುಂಬಿತು, ಕಿಟಕಿಯ ಹೊರಗೆ ಜನ ನಿಂತರು. ಮೊದಲು ಮುಜುಗರದ ಧ್ವನಿಯಲ್ಲಿ ಶುರುವಾದ ಪ್ರಾರ್ಥನೆ ಎರಡನೇ ಸುತ್ತಿಗೆ ಗಟ್ಟಿಯಾಯಿತು. ಮಾಯ್ ಪ್ರತಿ ಹತ್ತು ಮಣಿಗೊಮ್ಮೆ, ಜುಜೆಗಾಗಿ, ಮರಿಗಾಗಿ ಎಂದು ಹೆಸರು ಹೇಳುತ್ತಿದ್ದಳು. ಸಾವಿಗೆ ತಯಾರಾಗಿ ಬಂದವರ ಅಳು ಹೇಗೂ ಗಂಟಲಲ್ಲೇ ಇತ್ತು. ಅದೆಲ್ಲ ಈಗ ಬೇಡಿಕೆಯಾಗಿ ಬಂತು. ಅಂಥ ಪ್ರಾರ್ಥನೆಯನ್ನು ನಾನು ಆಮೇಲೆ ಎಲ್ಲೂ ಕೇಳಿಲ್ಲ. ಕೇಳಿದ್ದು ದೇವರನ್ನಲ್ಲ, ದೇವರ ಅಂಗಿ ಹಿಡಿದು ಜಗ್ಗಿದ ಹಾಗಿತ್ತು. ನಾನು ಕಂಬದ ಬುಡದಲ್ಲಿ ಮುದುಡಿ ಕೂತು ಬೇರೆಯೇ ಪ್ರಾರ್ಥನೆ ಮಾಡುತ್ತಿದ್ದೆ: ನಾನು ಹೇಳಿದ್ದು ನಿಜ ಆಗದಿರಲಿ, ನಾನು ಹೇಳಿದ್ದು ನಿಜ ಆಗದಿರಲಿ.

ನಾಲ್ಕನೇ ಸುತ್ತಿನಲ್ಲಿ ಮೋಟರ್ ಸೈಕಲ್ಲಿನ ಸದ್ದು ಕೇಳಿತು. ಎಂದಿಗಿಂತ ಬೇಗ. ಪಪ್ಪ ಗೇಟು ತೆಗೆದು ಅಂಗಳಕ್ಕೆ ಬಂದು ಹೆಲ್ಮೆಟ್ ಕೈಯಲ್ಲಿ ಹಿಡಿದು ನಿಂತ. ತನ್ನ ಮನೆಯನ್ನು ಗುರುತಿಸಲಾರದವನ ಹಾಗೆ ನೋಡಿದ. ಮಾಯ್ ಮೊಣಕಾಲ ಮೇಲಿದ್ದಲ್ಲಿಂದಲೇ ಹುಬ್ಬೇರಿಸಿ ಕೇಳಿದಳು. ಅವನು ಅಂಗೈ ಎತ್ತಿ, ಮುಂದುವರಿಸು ಎಂಬಂತೆ ಸನ್ನೆ ಮಾಡಿದ. ಮಾಯ್ ಮುಖ ಅರಳಿತು. ಆಮೇಲೆ ಅವನು ಜಗಲಿಗೆ ಬಂದು, ನನ್ನ ಪಕ್ಕದಲ್ಲೇ, ಡೀಸೆಲ್ ಕಲೆಯ ಪ್ಯಾಂಟಿನಲ್ಲಿ ಮೊಣಕಾಲೂರಿದ. ಅವನು ಹಾಗೆ ಕೂತದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಪ್ರಾರ್ಥನೆಯ ಮಾತು ಅವನಿಗೆ ಬರುತ್ತದೆಂದೇ ನನಗೆ ಗೊತ್ತಿರಲಿಲ್ಲ. ಒಂದಕ್ಷರ ತಪ್ಪದೆ, ಎಲ್ಲರಿಗಿಂತ ಗಟ್ಟಿಯಾಗಿ ಹೇಳಿದ. ಜುಜೆಗಾಗಿ ಎಂದಾಗಲೂ ಹೇಳಿದ, ಮರಿಗಾಗಿ ಎಂದಾಗಲೂ ಹೇಳಿದ.

ಎರಡು ಪಾವು ಕಡಲೆ ಅರವತ್ತು ಜನಕ್ಕೆ ತಲಾ ಅರ್ಧ ಹಿಡಿ ಬಂತು. ಜನ ಹಗುರಾಗಿ ಹೋದರು. ಆ ಅಣ್ಣತಮ್ಮಂದಿರು ಒಂದೇ ಗೇಟಿನಲ್ಲಿ ಹೊರಬಿದ್ದರು. ಕೊನೆಯವರು ಹೋದ ಮೇಲೆ ಮಾಯ್ ಅಡುಗೆಮನೆಯಲ್ಲಿ ಪಪ್ಪನಿಗೆ ಗಂಜಿ ಬಡಿಸಿದಳು. ನಾನು ಬಾಗಿಲ ಸಂದಿಯಲ್ಲಿದ್ದೆ. ಅವನು ಬಟ್ಟಲನ್ನು ದೂರ ಸರಿಸಿದ.

"ಒಂದೇ ಇದೆ ಮಾಯ್. ಹೆಣ್ಣು."

ಮಾಯ್ ಕೈಯಲ್ಲಿ ಸೌಟು ಹಾಗೇ ಇತ್ತು.

"ಯಾವಾಗ?"

"ಬೆಳಿಗ್ಗೆ. ಹತ್ತೂವರೆಗೆ."

"ಮತ್ತೆ ಬಂದ ಕೂಡ್ಲೆ ಹೇಳೂದಲ್ವೇನೋ? ಅಷ್ಟು ಹೊತ್ತು ನಾನು ಅವನ ಹೆಸ್ರು..."

"ಹೇಳಿದ್ರೆ ಎಂತ ಆಗ್ತಿತ್ತು? ಎಲ್ಲಾ ಅವನ ಹಿಂದೆ ಹೋಗ್ತಿದ್ರು. ಸತ್ತವರ ಪ್ರಾರ್ಥನೆ ಶುರು ಮಾಡ್ತಿದ್ರು. ಇವಳಿಗೆ ಯಾರು? ಅದಿನ್ನೂ ಉಸಿರಾಡ್ತಿದೆ ಮಾಯ್. ಇವಳಿಗೆ ಯಾರಿದ್ರು?"

ಮಾಯ್ ಸೌಟು ಬಿಟ್ಟು ಅವನ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿ ಹಿಡಿದಳು. ಅವನ ಹೆಗಲು ಅಲುಗಾಡುವುದು ಕಾಣಿಸುತ್ತಿತ್ತು, ಸದ್ದು ಬರಲಿಲ್ಲ. ನಾನು ಮಾತ್ರ ಬಾಗಿಲ ಹಿಂದೆ ಲೆಕ್ಕ ಹಾಕುತ್ತಿದ್ದೆ. ಜುಜೆ ಹೋದದ್ದು ಹತ್ತೂವರೆ. ನಾನು ಹೊರಟದ್ದು ಹನ್ನೊಂದು. ಅಂದರೆ ನಾನು ಹೇಳಿದ್ದರಿಂದ ಅವನು ಹೋದದ್ದಲ್ಲ. ಅರ್ಧ ಗಂಟೆಯ ಅಂತರವಿದೆ. ಆ ಅರ್ಧ ಗಂಟೆಯ ಮೇಲೆ ಒಂದು ಜೀವಮಾನದ ನಿದ್ದೆ ನಿಂತಿದೆ. ಆದರೂ ಕೆಲವೊಮ್ಮೆ, ಆಸ್ಪತ್ರೆಯ ಗಡಿಯಾರ ಹಿಂದೆ ಇದ್ದಿದ್ದರೆ ಎಂಬ ಯೋಚನೆ ಬರುತ್ತದೆ. ನಮ್ಮ ಗೋಡೆಯ ಗಡಿಯಾರವಂತೂ ದಿನಕ್ಕೆ ಐದು ನಿಮಿಷ ಮುಂದೆ ಓಡುತ್ತಿತ್ತು.

ಮರುದಿನ ಬೆಳಿಗ್ಗೆ ಪಪ್ಪ ಬಾಡಿಗೆ ಕಾರಿನಲ್ಲಿ ಜುಜೆಯನ್ನು ಮಡಿಲಲ್ಲಿಟ್ಟುಕೊಂಡು ತಂದ. ಅಮ್ಮ ಬರಲಿಲ್ಲ, ಗಾಜಿನ ಪೆಟ್ಟಿಗೆಯಲ್ಲಿ ಉಳಿದವಳನ್ನು ಬಿಟ್ಟು ಬರುವ ಹಾಗಿರಲಿಲ್ಲ. ಮಿಂಗೇಲ್ ಮಾಮ ಬಾವಿಕಟ್ಟೆಯ ಹತ್ತಿರವಿದ್ದ ಪೆಟ್ಟಿಗೆಯನ್ನು ಬೇಗನೆ ಬಂದು ಒಯ್ದು, ಅಗಲ ಕಡಿಮೆ ಮಾಡಿ ತಂದಿದ್ದ. ಈ ಸಲ ಸುದ್ದಿ ಹೇಳಲು ನನ್ನನ್ನು ಕಳಿಸಲಿಲ್ಲ. ಯಾರು ಹೋಗಿ ಹೇಳಿದರೂ ಬರುವವರೇ ಇರಲಿಲ್ಲ. ಗಂಡಸರು ಹಿಂದಿನ ದಿನ ಕೆಲಸ ಬಿಟ್ಟಿದ್ದರು, ಬೆಳಗಿನ ಜಾವವೇ ಬೋಟುಗಳು ಹೋಗಿದ್ದವು. ಹೆಂಗಸರು ಮೀನಿನ ಹಿಂದೆ. ಪಾದ್ರಿಯನ್ನೂ ಸೇರಿಸಿ ಹನ್ನೊಂದು ಜನ. ನಾನು ಎಣಿಸಿದ್ದೇನೆ. ಪ್ರಾರ್ಥನೆ ಹೇಳುವಾಗ ಗಾಳಿಯ ಸದ್ದೇ ನಮ್ಮ ಧ್ವನಿಗಿಂತ ದೊಡ್ಡದಾಗಿತ್ತು.

ಮರಿ ಉಳಿದಳು. ಹೇಗೆ ಎಂದು ಡಾಕ್ಟರೂ ಹೇಳಲಿಲ್ಲ, ಪಪ್ಪನೂ ಕೇಳಲಿಲ್ಲ. ಒಂದೂವರೆ ತಿಂಗಳ ಮೇಲೆ ಅಮ್ಮ ಅವಳನ್ನು ಎತ್ತಿಕೊಂಡು ಮನೆಗೆ ಬಂದಳು. ಆ ಮಧ್ಯಾಹ್ನ ಮಗುವಿಗೆ ಎಣ್ಣೆ ಹಚ್ಚುತ್ತ, ನನ್ನ ಕಡೆ ನೋಡದೆ ಕೇಳಿದಳು:

"ಫ್ಲೋರೆ, ಅವನಿಗೆ ಜನ ಬಂದಿದ್ರಾ?"

ಅಡುಗೆಮನೆಯಲ್ಲಿ ಮಾಯ್ ಮೀನು ಕೊಯ್ಯುತ್ತಿದ್ದವಳು ಕತ್ತಿ ನಿಲ್ಲಿಸಿದ್ದು ನನಗೆ ಕೇಳಿಸಿತು.

"ಬಂದಿದ್ರು ಅಮ್ಮ," ಎಂದೆ. "ಸಾಲಿನಲ್ಲಿ ಕೂರ್ಲಿಕ್ಕೆ ಜಾಗ ಇರ್ಲಿಲ್ಲ. ಪಪ್ಪನೂ ಮೊಣಕಾಲೂರಿದ್ದ. ಜುಜೆ ಅಂತ ಹೆಸರು ಹೇಳಿ ಹೇಳಿ ಅತ್ರು."

ಒಂದು ಶಬ್ದವೂ ಸುಳ್ಳಲ್ಲ. ದಿನ ಮಾತ್ರ ಬೇರೆ. ಅಮ್ಮ ಬಹಳ ಹೊತ್ತು ಮಗುವಿನ ಕಾಲನ್ನೇ ಉಜ್ಜುತ್ತಿದ್ದಳು. ಆಮೇಲೆ, "ಹಾಗಾದ್ರೆ ಆತು," ಎಂದಳು. ಕತ್ತಿಯ ಸದ್ದು ಮತ್ತೆ ಶುರುವಾಯಿತು.

ಮಾಯ್ ಹೋದಳು, ಪಪ್ಪನೂ ಹೋದ. ಮರಿ ಭಟ್ಕಳದಲ್ಲಿ ಎರಡು ಮಕ್ಕಳ ತಾಯಿ. ನಾನು ದಿನಕ್ಕೆರಡು ಸಲ ಫೋನ್ ಮಾಡಿದರೆ, "ಇನ್ನೂ ಉಸಿರಾಡ್ತಿದ್ದೇನೆ ಮಾರಾಯ್ತಿ, ಇಡು," ಎನ್ನುತ್ತಾಳೆ. ಅಮ್ಮ ನನ್ನ ಜೊತೆ ಅದೇ ಕೇರಿಯಲ್ಲಿದ್ದಾಳೆ. ಕಳೆದ ತಿಂಗಳು ಶಿರಾಲಿಯ ನಮ್ಮವರ ಮನೆಯೊಂದರ ಎಳೆಗೂಸು ಕೃತಕ ಉಸಿರಿನ ಮೇಲಿದೆ, ಪ್ರಾರ್ಥಿಸಿ ಎಂದು ಮೊಬೈಲಿಗೆ ಸಂದೇಶ ಬಂತು. ನಾನು ಸಂದೇಶವನ್ನು ನಂಬುವವಳಲ್ಲ. ಒಬ್ಬೊಬ್ಬರಿಗೂ ಫೋನ್ ಮಾಡಿ, ಮಗು ಬದುಕಿದೆ ಎಂಬುದನ್ನೇ ಮೊದಲು ಹೇಳಿ, ಆಮೇಲೆ ಕರೆದೆ. ಒಂಬತ್ತು ಜನ ಬಂದರು. ಮಗುವಿನ ಅಜ್ಜಿಯೂ ಬಂದಿದ್ದಳು, ನನಗಿಂತ ಚಿಕ್ಕವಳು. ಇಷ್ಟೇ ಜನವಾ ಎಂಬಂತೆ ಖಾಲಿ ಕುರ್ಚಿಗಳನ್ನು ನೋಡುತ್ತಿದ್ದಳು. ಅಮ್ಮ ಅವಳ ಕೈ ಹಿಡಿದುಕೊಂಡು, ಎಷ್ಟೋ ಸಲ ಹೇಳಿದ್ದನ್ನು ಮತ್ತೆ ಹೇಳತೊಡಗಿದಳು:

"ಹೆದರ್ಬೇಡ. ಈ ಕೇರಿಯವರು ಕೈ ಬಿಡೂದಿಲ್ಲ. ನನ್ನ ಮಗ ಹೋದ ದಿನ ನಾನು ಇಲ್ಲಿ ಇರ್ಲಿಲ್ಲ. ನಾನಿಲ್ಲದಿದ್ರೂ ಎಂತ ಜನ ಗೊತ್ತುಂಟಾ! ಹೌದೋ ಅಲ್ಲೋ, ಕೇಳು ಮಿಂಗೇಲನ ಹತ್ರ."

ಪ್ರತಿ ಸಲದಂತೆ ನಾನು ಬಂದವರ ಮುಖಗಳನ್ನು ಒಂದೊಂದಾಗಿ ನೋಡತೊಡಗಿದೆ. ಮಿಂಗೇಲ್ ಮಾಮನಿಗೀಗ ಎಂಬತ್ತು ದಾಟಿದೆ. ನಿನ್ನೆಯದು ಇವತ್ತಿಗೆ ನೆನಪಿರುವುದಿಲ್ಲ, ಹಳೆಯದು ಮಾತ್ರ ಗೆರೆ ಎಳೆದ ಹಾಗೆ ನೆನಪಿದೆ. ಆ ಹನ್ನೊಂದು ಜನರಲ್ಲಿ ಅವನೊಬ್ಬ. ಪೆಟ್ಟಿಗೆಯನ್ನು ಹೊಂಡಕ್ಕೆ ಇಳಿಸಿದವನು. ಅವನು ಕೋಲಿನ ಮೇಲೆ ಗದ್ದ ಊರಿ ಅಮ್ಮನನ್ನು ನೋಡಿದ, ಆ ಹೆಂಗಸನ್ನು ನೋಡಿದ.

"ಹೌದು ಬಾಯಿ," ಎಂದ. "ಕಿಟಕಿ ಹೊರಗೂ ನಿಂತಿದ್ರು."